ಬಣ್ಣದ ಶೆಡ್ಡಿನ ಸಾಕ್ಷಿ

ಅಂಚೆ ಕಚೇರಿಯ ಮಹಡಿಗೆ ಹೋಗುವ ಮೆಟ್ಟಿಲಿನ ನಡುವೆ ಮಾವ ನಿಂತುಬಿಟ್ಟರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಮೇಲೆ. ಸೊಸೆ ಒಂದು ಮೆಟ್ಟಿಲು ಕೆಳಗೆ ನಿಂತಳು, ಬಿದ್ದರೆ ಹಿಡಿಯುವಷ್ಟು ಹತ್ತಿರ, ಹಿಡಿಯಲೆಂದೇ ನಿಂತವಳಂತೆ ಕಾಣದಷ್ಟು ದೂರ.

"ಏನಿಲ್ಲಮ್ಮ, ಮೆಟ್ಟಿಲು ಎತ್ತರ ಕಟ್ಟಿಬಿಟ್ಟಿದಾರೆ," ಎಂದರು ಮಾವ.

"ನಮ್ಮ ಕಂಪನಿ ಕಟ್ಟಿದ್ರೆ ಲಿಫ್ಟೇ ಇಡ್ತಿತ್ತು ಬಿಡಿ ಅಣ್ಣ," ಎಂದು ಮೇಲಿನಿಂದ ಮೇಸ್ತ್ರಿ ನಕ್ಕ. ಕಂಪನಿಯ ಕಡೆಯಿಂದ ವಿಚಾರಣೆಗೆ ಬಂದಿದ್ದವನು ಅವನೇ. ಮಾತು ನಾಲಿಗೆಯಿಂದ ನುಣ್ಣಗೆ ಜಾರುತ್ತದೆಂದು ಕೂಲಿಯವರು ಅವನಿಗೆ ಬೆಣ್ಣೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು.

ವಿಚಾರಣೆಗೆ ಕಂಪನಿಯದಲ್ಲದ ಕೋಣೆಯೊಂದು ಬೇಕೆಂದು ಸರ್ಕಾರದವರು ಊರೆಲ್ಲ ಅಲೆದು ಕೊನೆಗೆ ಈ ಮಹಡಿ ಹಿಡಿದಿದ್ದರು. ಶಾಲೆ, ಸಿನಿಮಾ ಮಂದಿರ, ನೀರಿನ ಟ್ಯಾಂಕು ಎಲ್ಲವೂ ಕಂಪನಿಯವೇ. ಹುಟ್ಟಿದರೆ ಕಂಪನಿ ಆಸ್ಪತ್ರೆ, ಸತ್ತರೆ ಕಂಪನಿ ಸಿಮೆಂಟು ಎಂದು ಜನ ಆಡಿಕೊಳ್ಳುತ್ತಿದ್ದರು. ಮಾವ ಕೆಲಸಕ್ಕೆ ಸೇರಿದಾಗ ಅದು ಬರೀ ಒಂದು ತಗಡಿನ ಶೆಡ್ಡು. ಕಂಪನಿಯ ದೊಡ್ಡ ಯಜಮಾನರು ಅಂಗಿಯ ತೋಳು ಮಡಚಿ ಮಾವನ ಜೊತೆಗೇ ನಿಂತು ಪೀಪಾಯಿಯಲ್ಲಿ ಬಣ್ಣ ಕಲಕುತ್ತಿದ್ದರಂತೆ, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರಂತೆ. ಈಗ ಅವರ ಹೆಸರು ಹಡಗುಗಳ ಮೇಲಿತ್ತು, ಬ್ಯಾಂಕಿನ ಮೇಲಿತ್ತು, ಕಡಲಾಚೆಯ ಗಣಿಗಳ ಮೇಲಿತ್ತು. ಬಣ್ಣದ ಪುಡಿಯಿಂದ ಕೂಲಿಯವರ ಶ್ವಾಸಕೋಶ ಹಾಳಾಯಿತೆಂದು ಆಚೆಯ ದೇಶವೊಂದರ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ, ಇಲ್ಲಿಯ ಮೊದಲ ಶೆಡ್ಡಿನ ಮೇಲೂ ಸರ್ಕಾರದ ಕಣ್ಣು ಬಿದ್ದಿತ್ತು.

ಅಂದು ಬೆಳಿಗ್ಗೆಯೇ ಮೇಸ್ತ್ರಿ ಮನೆಗೆ ಬಂದು ಮಾವನ ಪಕ್ಕ ಕುಳಿತಿದ್ದ.

"ಹೆಚ್ಚಿಗೆ ಏನೂ ಬೇಡ ಅಣ್ಣ. ಮಾಸ್ಕು ಕೊಡ್ತಿದ್ರಾ ಅಂತ ಕೇಳ್ತಾರೆ. ದಿನಾ ಕೊಡ್ತಿದ್ರು ಅನ್ನಿ, ಮುಗೀತು. ನಿಮ್ಮ ಮಗನ ಕೆಲಸ ಕಾಯಂ ಮಾಡಿಸೋದು ನನಗಿರ್ಲಿ."

"ಅದನ್ನ ನೀನು ಹೇಳ್ಬೇಕೇನೋ? ಉಂಡ ಮನೆಗೆ ಎರಡು ಬಗೆಯೋನಲ್ಲ ನಾನು," ಎಂದಿದ್ದರು ಮಾವ. ಆದರೂ ಅವನು ಹೋದ ಮೇಲೆ ಬಾಗಿಲ ಕಡೆಯೇ ನೋಡುತ್ತ, "ನೀನೇನಂತೀಯಮ್ಮ?" ಎಂದು ಸೊಸೆಯನ್ನು ಕೇಳಿದ್ದರು.

ಅವಳ ಗಂಡ ಅದೇ ಶೆಡ್ಡಿನಲ್ಲಿ ದಿನಗೂಲಿ. ಕಾಯಂ ಆದರೆ ಸೋರದ ಮನೆ, ಮಗುವಿಗೆ ಶಾಲೆ. ಆದರೆ ಈಚೆಗೆ ಅವನು ಬಚ್ಚಲಿಗೆ ಹೋದೊಡನೆ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಿದ್ದ. ನೀರಿನ ಸದ್ದಿನ ಅಡಿಯಲ್ಲಿ ಕೆಮ್ಮು ಕೇಳುತ್ತಿತ್ತು. ಶೆಡ್ಡು ಕೆಟ್ಟದ್ದೆಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ. ಒಳ್ಳೆಯದೆಂದಾದರೆ? ಅಲ್ಲಿಂದ ಮುಂದಕ್ಕೆ ಯೋಚಿಸುವ ಧೈರ್ಯ ಅವಳಿಗಿರಲಿಲ್ಲ.

"ನಿಮಗೆ ಸರಿ ಅನ್ಸಿದ್ದು ಮಾವ," ಎಂದು ಪಾತ್ರೆ ತಿಕ್ಕಲು ಕುಳಿತಿದ್ದಳು.

ಮಹಡಿಯ ಕೋಣೆಯಲ್ಲಿ ವಿಚಾರಣೆಯ ಅಧಿಕಾರಿ ಒಬ್ಬ ಹೆಂಗಸು. ದನಿ ಮೆತ್ತಗಿತ್ತು.

"ಆಯಾಸ ಆಗಿದ್ರೆ ಸ್ವಲ್ಪ ಸುಧಾರಿಸ್ಕೊಳ್ಳಿ."

"ಇದು ಆಯಾಸ ಅಲ್ಲ ತಾಯಿ, ವಯಸ್ಸು. ಸುಧಾರಿಸೋ ಪೈಕಿ ಅಲ್ಲ. ಕೇಳಿ."

"ಶೆಡ್ಡಲ್ಲಿ ಮಾಸ್ಕು ಕೊಡ್ತಿದ್ರಾ?"

"ದಿನಾ ಕೊಡ್ತಿದ್ರು."

"ಒಂದು ದಿನಾನೂ ತಪ್ಪದೆ?"

"ಸೂರ್ಯ ಹುಟ್ಟೋದು ತಪ್ಪಿದ್ರೂ ಅದು ತಪ್ತಿರ್ಲಿಲ್ಲ."

ಗೋಡೆಗೆ ಒರಗಿದ್ದ ಮೇಸ್ತ್ರಿಯ ಭುಜ ಇಳಿಯಿತು. ಇನ್ನೇನು ಉಕ್ಕಲಿದ್ದ ಹಾಲು ತಾನಾಗಿ ತಗ್ಗಿದಂತೆ ಸೊಸೆಗೂ ಒಂದು ಕ್ಷಣ ನೆಮ್ಮದಿಯಾಯಿತು. ಮರುಕ್ಷಣವೇ ಆ ನೆಮ್ಮದಿಗೆ ನಾಚಿ ತಲೆ ತಗ್ಗಿಸಿದಳು.

ಅಧಿಕಾರಿ ಮೇಜಿನ ಮೇಲಿದ್ದ ಚೀಲ ಬಿಚ್ಚಿ ಬಿಳಿಯ ಮಾಸ್ಕೊಂದನ್ನು ತೆಗೆದರು. ಮುಂಭಾಗದಲ್ಲಿ ಕಂಪನಿಯ ಗುರುತಿತ್ತು.

"ಇದೇನಾ?"

"ಇದೇ, ಇದೇ!" ಮಾವನ ಮುಖ ಅರಳಿತು, ಹಳೆಯ ಸ್ನೇಹಿತ ಸಿಕ್ಕಿದ ಹಾಗೆ.

"ಹೇಗೆ ಹಾಕ್ಕೊಳ್ತಿದ್ರಿ, ಒಂಚೂರು ತೋರಿಸ್ತೀರಾ?"

"ಅದಕ್ಕೇನಂತೆ."

ಮಾವ ಮೊದಲು ಬೆರಳಿನಿಂದ ಕೂದಲು ಬಾಚಿಕೊಂಡರು. ಅಂಗಿಯ ಕಾಲರು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದರು. ಪಟ್ಟಿಯನ್ನು ತಡವರಿಸದೆ ತಲೆಯ ಹಿಂದಕ್ಕೆ ಹಾಕಿ, ಮಾಸ್ಕನ್ನು ಗದ್ದದ ಕೆಳಕ್ಕೆ ಎಳೆದು, ಕಂಪನಿಯ ಗುರುತು ಮುಂದಕ್ಕೆ ಬರುವಂತೆ ತಿರುಗಿಸಿದರು. ಆಮೇಲೆ ಮುಖ ಸ್ವಲ್ಪ ಮೇಲೆತ್ತಿ, ಕಿಟಕಿಯ ಕಡೆ ನೋಡಿ ನಸುನಕ್ಕರು.

"ಮೂಗು, ಬಾಯಿ ಮುಚ್ಕೊಳ್ತಿರ್ಲಿಲ್ವಾ?" ಎಂದರು ಅಧಿಕಾರಿ.

"ಮುಚ್ಕೊಂಡ್ರೆ ಮುಖ ಹೇಗೆ ಕಾಣುತ್ತೆ ತಾಯಿ?" ತಿಳಿಯದ ಮಗುವಿಗೆ ಹೇಳುವಂತೆ ಮಾವ ಬಿಡಿಸಿ ಹೇಳಿದರು. "ದಿನಾ ಬೆಳಿಗ್ಗೆ ಕಂಪನಿ ಫೋಟೋದವ್ರು ಬರೋರು, ಕೆಳಗಿಳಿಸಿ, ಕೆಳಗಿಳಿಸಿ ಅಂತ ಕೂಗೋರು. ಫೋಟೋ ಆದ ತಕ್ಷಣ ಎಲ್ಲಾರದ್ದೂ ಬಿಚ್ಚಿಸ್ಕೊಂಡು ಬೀರುವಲ್ಲಿಟ್ಟು ಬೀಗ ಹಾಕ್ತಿದ್ರು. ಒಂದೂ ಕಳೆದದ್ದಿಲ್ಲ. ಅಂಥ ಶಿಸ್ತು ಯಾವ ಕಂಪನೀಲಿದೆ ಹೇಳಿ?"

"ಅಣ್ಣ..." ಎಂದ ಮೇಸ್ತ್ರಿ.

ಅಧಿಕಾರಿ ಬರೆಯತೊಡಗಿದರು. ಮಾವ ಮೇಸ್ತ್ರಿಯನ್ನು ನೋಡಿದರು, ಸೊಸೆಯನ್ನು ನೋಡಿದರು. ನಗು ಇನ್ನೂ ಇತ್ತು, ಕಣ್ಣು ಮಾತ್ರ ಏನಾಯಿತೆಂದು ಕೇಳುತ್ತಿತ್ತು. ಅಷ್ಟರಲ್ಲಿ ಕೆಮ್ಮು ಬಂತು. ಎದುರಿಗಿದ್ದವರಿಗೆ ತೊಂದರೆಯಾಗಬಾರದೆಂದು ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬಾಗಿದರು.

ಮಾಸ್ಕು ಬಿಚ್ಚಿಬಿಡು ಎಂದು ಮೇಸ್ತ್ರಿ ಸೊಸೆಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ಅವಳು ಎದ್ದು ಹೋಗಿ ಮಾವನ ಬೆನ್ನಿನ ಮೇಲೆ ಕೈಯಿಟ್ಟಳು. ಮಾಸ್ಕನ್ನು ಮುಟ್ಟಲಿಲ್ಲ. ಕೈಯ ಅಡಿಯಲ್ಲಿ ಬೆನ್ನು ಏರಿ ಇಳಿಯುತ್ತಿತ್ತು. ಬಾಯಿಗೆ ಒತ್ತಿದ್ದ ಅಂಗೈಯ ಕೆಳಗೆ, ಗದ್ದದಡಿಯಲ್ಲಿ ಮಾಸ್ಕು ಬೆಳ್ಳಗೆ, ಒಂದು ಕಲೆಯೂ ಇಲ್ಲದೆ ಅಲುಗಾಡುತ್ತಿತ್ತು.