ಮಿಲ್ಲಿನವರ ಹಿಡಿ ಹಿಟ್ಟು

ಜಾವಗಲ್‌ನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ರುದ್ರಮ್ಮನ ಊರು. ಊರ ಕೆರೆಯ ಕೋಡಿಯ ಕೆಳಗೆ ಅವಳ ಮುತ್ತಜ್ಜ ಕಟ್ಟಿಸಿದ ನೀರಿನ ಮಿಲ್ಲು. ಕಲ್ಲಿನ ಕಟ್ಟಡ, ಹೊನ್ನೆ ಮರದ ಆಳೆತ್ತರದ ಗಾಲಿ, ಒಳಗೆ ಎರಡು ಬೀಸುವ ಕಲ್ಲು. ಕೋಡಿಯ ನೀರು ಗಾಲಿಯನ್ನು ತಿರುಗಿಸಿದರೆ ಗಾಲಿ ಕಲ್ಲನ್ನು ತಿರುಗಿಸುತ್ತದೆ; ಡೀಸೆಲ್ಲೂ ಬೇಡ, ಕರೆಂಟೂ ಬೇಡ. ಅಪ್ಪ ಸಾಯುವಾಗ ಗಂಡುಮಕ್ಕಳಿಗೆ ತೆಂಗಿನ ತೋಟ ಕೊಟ್ಟು ಮಿಲ್ಲನ್ನು ಮಗಳಿಗೆ ಬಿಟ್ಟಿದ್ದ. ಅಣ್ಣಂದಿರು ಒಳಗೊಳಗೇ ನಕ್ಕರು. ರುದ್ರಮ್ಮ ಮಾತ್ರ ಅರಮನೆಯೇ ಸಿಕ್ಕಿದವಳಂತೆ ಬೀಗಿದಳು. ಬೀಗುವುದು ಅವಳ ಹುಟ್ಟುಗುಣ ಬಿಡಿ.

ಕೆರೆ ಕೋಡಿ ಬಿದ್ದ ವರ್ಷ ಊರಿನವರು ಗಂಗಮ್ಮನಿಗೆ ತಂಬಿಟ್ಟಿನ ಆರತಿ ಎತ್ತುತ್ತಾರೆ. ಅದರ ಹಿಟ್ಟು ಅದೇ ನೀರಿನಿಂದ ತಿರುಗಿದ ಮಿಲ್ಲಿನದೇ ಆಗಬೇಕು. ಮೊದಲ ಹಿಡಿ ನೀರಿಗೆ, ಎರಡನೆಯದು ಮಿಲ್ಲಿನವರಿಗೆ, ಆಮೇಲೆ ಊರಿಗೆ. ಆದರೆ ಕೆರೆ ತುಂಬದೆ ಎಷ್ಟೋ ವರ್ಷಗಳಾಗಿದ್ದವು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕ ಜವರಪ್ಪ ಕರೆಂಟ್ ಮಿಲ್ಲು ಹಾಕಿದ್ದ. ಇಸವಿ ಎರಡು ಸಾವಿರದ ಮಳೆಗೆ ಕೋಡಿ ಬಿದ್ದಾಗ ಹಿರಿಯರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: ಈ ಸಲ ಗಾಲಿ ತಿರುಗದಿದ್ದರೆ ಇನ್ನು ಮುಂದೆ ಆರತಿಯ ಹಿಟ್ಟು ಜವರಪ್ಪನ ಮಿಲ್ಲಿನದೇ.

“ತಿರುಗ್ತೈತೆ, ಬಂದು ನೋಡ್ರಿ,” ಎಂದಳು ರುದ್ರಮ್ಮ.

ಆಮೇಲೆ ಅವಳಿಗೆ ಊಟ ನಿದ್ದೆ ಸೇರಲಿಲ್ಲ. ಮಿಲ್ಲು ಗುಡಿಸಿದಳು, ಗಾಲಿಗೆ ಎಣ್ಣೆ ಬಳಿದಳು. ಕೈಯಲ್ಲಿ ತಿರುಗಿಸಿದರೆ ಗಾಲಿಯ ಅಚ್ಚು ಲೊಡಲೊಡ ಎನ್ನುತ್ತಿತ್ತು. ಅಚ್ಚನ್ನು ಹಿಡಿದಿದ್ದ ಮರದ ದಿಮ್ಮಿಗಳು ಒಣಗಿ ಸಡಿಲವಾಗಿದ್ದವು. ಊರೆದುರು ಈ ಸದ್ದು ಕೇಳಿಸಿದರೆ ನಗೆಪಾಟಲು! ದಿಮ್ಮಿಗಳ ಸಂದಿಗೆ ತಾನೇ ಬೆಣೆ ಬಡಿದು ಬಿಗಿ ಮಾಡಿದಳು. ಸದ್ದು ಅಡಗಿತು. ಗಾಲಿ ನೆನೆಯಲೆಂದು ಆರತಿಯ ಹಿಂದಿನ ದಿನವೇ ಅದರ ಮೇಲೆ ಸಣ್ಣಗೆ ನೀರು ಬಿಟ್ಟಳು.

ಆರತಿಯ ಬೆಳಿಗ್ಗೆ ಹೆಂಗಸರು ಹುರಿದ ಅಕ್ಕಿಯ ಬುಟ್ಟಿ ಹೊತ್ತು ಬಂದರು. ಜವರಪ್ಪನೂ ಬಂದು ನಿಂತ. ರುದ್ರಮ್ಮ ಸೆರಗು ಸಿಕ್ಕಿಸಿ, ಗಾಲಿಗೆ ನೀರು ತರುವ ಕಾಲುವೆಗೆ ಅಡ್ಡ ಹಾಕಿದ್ದ ಹಲಗೆ ಎತ್ತಿದಳು. ನೀರು ನುಗ್ಗಿತು. ಗಾಲಿ ಅರ್ಧ ಸುತ್ತು ಬಂದು, ನರಳಿ, ನಿಂತೇಬಿಟ್ಟಿತು.

ಜವರಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಇರ್ಲಿ ಬಿಡಿ ರುದ್ರಕ್ಕ, ಕರೆಂಟ್ ಐತೆ. ನಮ್ಮಲ್ಲೇ ಬೀಸ್ಕೊಡ್ತೀನಿ.”

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಆಗಲೇ ಅಪ್ಪನ ಮಾತು ನೆನಪಾಯಿತು: ಮರ ನೀರು ಕುಡಿದ ಮೇಲೇ ಬೆಣೆ ಮುಟ್ಟಬೇಕು ಮಗಳೇ. ಮುಚ್ಚಿಡಬಹುದಿತ್ತು, ಗಾಲಿಗೆ ವಯಸ್ಸಾಯಿತು ಎನ್ನಬಹುದಿತ್ತು. ಮುತ್ತಜ್ಜನ ಗಾಲಿಯ ಮೇಲೆ ತಪ್ಪು ಹೊರಿಸಲು ಅವಳಿಗೆ ಬಾಯಿ ಬರಲಿಲ್ಲ.

“ತಪ್ಪು ಗಾಲೀದಲ್ಲ, ನಂದು! ಸದ್ದು ಬತ್ತೈತೆ ಅಂತ ಒಣ ಮರಕ್ಕೆ ಬೆಣೆ ಬಡ್ದೆ. ಈಗ ಮರ ಊದ್ಕಂಡು ಅಚ್ಚು ಹಿಡ್ಕಂಡೈತೆ,” ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಹಲಗೆ ಇಳಿಸಿ, ಸುತ್ತಿಗೆ ಹಿಡಿದು ನಡುಮಟ್ಟದ ನೀರಿಗೆ ಇಳಿದಳು.

ಈಚೆಯ ಬೆಣೆ ಬಂತು. ಆಚೆಯದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಒಬ್ಬರು ಅಚ್ಚನ್ನು ಮೀಟಿ ಹಿಡಿಯದೆ ಅದು ಬರುವಂತಿರಲಿಲ್ಲ. ಅಷ್ಟರಲ್ಲಿ ಹಿಂದೆ ಯಾರೋ ದುಡುಮ್ಮನೆ ಇಳಿದ ಸದ್ದಾಯಿತು. ಹಾರೆ ಹಿಡಿದ ಜವರಪ್ಪ!

“ನಾನು ಮೀಟ್ತೀನಿ, ನೀವು ಬಡೀರಿ. ನಮ್ಮವ್ವನೂ ಆರತಿ ಹಿಟ್ಟು ಇಲ್ಲೇ ಬೀಸ್ಸಿದ್ದು ಕಣಕ್ಕ.”

ಬೆಣೆ ಕಿತ್ತು ಬಂತು. ಮತ್ತೆ ಹಲಗೆ ಎತ್ತಿದಾಗ ಗಾಲಿ ಲೊಡಲೊಡ ಎನ್ನುತ್ತಲೇ ತಿರುಗಿತು. ಯಾರೂ ನಗಲಿಲ್ಲ. ಬುಟ್ಟಿ ಹೊತ್ತು ಬಂದ ಹೆಂಗಸರಲ್ಲಿ ಹಿರಿಯಳಾದ ಮುತ್ತಮ್ಮ ಮೊದಲ ಬುಟ್ಟಿ ಸುರಿದಳು. ಕಲ್ಲಿನ ಅಂಚಿನಿಂದ ಬೆಚ್ಚಗಿನ ಹಿಟ್ಟು ಉದುರಿತು. ನಿಂತಲ್ಲೇ ರುದ್ರಮ್ಮನ ಎದೆಯುಬ್ಬಿತು, ಕಣ್ಣು ತುಂಬಿತು.

ಮೊದಲ ಹಿಡಿಯನ್ನು ನೀರಿಗೆ ಬಿಟ್ಟಳು. ಎರಡನೆಯ ಹಿಡಿ ತುಂಬಿಕೊಂಡು ತಿರುಗಿದಳು.

“ಜವರಪ್ಪ, ಕೈ ಒಡ್ಡು.”

“ನಂಗ್ಯಾಕಕ್ಕ? ಅದು ಮಿಲ್ಲಿನವರದು.”

“ಹೂಂ, ಮಿಲ್ಲಿನವರದೇ. ಒಡ್ಡು,” ಎಂದಳು ರುದ್ರಮ್ಮ.