ಎಡಗೈಯ ಕೊಯ್ತಾ

ಕಬ್ಬು ಕಡಿಯುವವರ ಲೆಕ್ಕವೇ ಬೇರೆ. ಅಲ್ಲಿ ಕೊಯ್ತಾ ಎಂದರೆ ಮೊಳದುದ್ದದ ಕತ್ತಿಯೂ ಹೌದು, ಅದನ್ನು ಹಿಡಿಯುವ ಗಂಡಹೆಂಡಿರ ಜೋಡಿಯೂ ಹೌದು. ಆಳುಗಳ ಮೇಸ್ತ್ರಿಯಾದ ಮುಕಾದಮ ತನ್ನ ಟೋಳಿಯಲ್ಲಿ, ಅಂದರೆ ಗುಂಪಿನಲ್ಲಿ, ಹನ್ನೆರಡು ಕೊಯ್ತಾ ಇವೆ ಎಂದರೆ ಇಪ್ಪತ್ನಾಲ್ಕು ಮಂದಿ ಇದ್ದಾರೆಂದು ತಿಳಿಯಬೇಕು. ಒಬ್ಬರ ಕೈ ನಿಂತಿತೋ, ಉಳಿದವರು ಅರ್ಧ ಕೊಯ್ತಾ. ಅವರನ್ನು ಮುಕಾದಮ ಬೇರೆ ಯಾರಿಗೋ ಜೋಡಿ ಹಾಕುತ್ತಾನೆ, ಇಲ್ಲವೇ ಊರಲ್ಲೇ ಬಿಟ್ಟು ಹೋಗುತ್ತಾನೆ.

ಮೋರಖಂಡಿಯ ದ್ರೌಪತಿಯ ಬಲಗೈ ಮಣಿಕಟ್ಟು ಮಳೆಗಾಲದಲ್ಲಿ ಮುರಿದಿತ್ತು. ಮರದಿಂದ ಬಿದ್ದಳೇ, ಗಾಡಿಯಿಂದ ಬಿದ್ದಳೇ? ಇಲ್ಲ, ಬಚ್ಚಲ ಕಲ್ಲಿನ ಮೇಲೆ ಜಾರಿದಳು, ಅಷ್ಟೇ. ಎಲುಬು ಕೂಡಿತು, ಮುಷ್ಟಿ ಕೂಡಲಿಲ್ಲ. ರೊಟ್ಟಿ ಬಡಿಯಲು ಅಡ್ಡಿಯಿರಲಿಲ್ಲ. ಕೊಯ್ತಾ ಹಿಡಿದರೆ ಮಾತ್ರ ಎರಡನೇ ಏಟಿಗೇ ಕೈ ಬಿಟ್ಟು ಹಾರುತ್ತಿತ್ತು.

ಎರಡು ತಿಂಗಳು ಅವಳು ಮನೆಯ ಹಿಂದೆ ಒಬ್ಬಳೇ ನಿಂತು ಎಡಗೈಯಿಂದ ಜೋಳದ ದಂಟು ಕಡಿದು ನೋಡಿದಳು. ಕತ್ತಿ ದಂಟಿಗೆ ಕಚ್ಚದೆ ಹೊರಕ್ಕೆ ಜಾರುತ್ತಿತ್ತು. ಒಮ್ಮೆ ಮೊಣಕಾಲಿನಿಂದ ನಾಲ್ಕೇ ಬೆರಳಿನ ಅಂತರದಲ್ಲಿ ಹಾದುಹೋಗಿತ್ತು. ಎಡಗೈಗೆ ಬುದ್ಧಿಯಿಲ್ಲ ಎಂದು ಅವಳು ಅದನ್ನು ಬೈದಳು, ತನ್ನನ್ನೂ ಬೈದುಕೊಂಡಳು.

ಟೋಳಿ ಹುಡಗಿ ಎಂಬ ಊರಿನ ಕಬ್ಬಿಗೆ ಹೊರಡಲು ನಾಲ್ಕು ದಿನ ಇದ್ದಾಗ ಗಂಡ ಮಚ್ಚೇಂದ್ರ ಹೇಳಿಯೇಬಿಟ್ಟ. "ನೀ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ. ಇಪ್ಪತ್ತು ವರ್ಷ ನಿನ್ನ ಮಗ್ಗಲಾಗ ನಿಂತು ಕಡದೀನಿ. ಮತ್ತೊಬ್ಬರ ಮಗ್ಗಲಾಗ ನಿಂತ್ರ ನನ್ನ ಕೈ ನಡಿಯಂಗಿಲ್ಲ."

"ಹುಚ್ಚರಂಗ ಮಾತಾಡಬ್ಯಾಡ್ರಿ" ಎಂದು ದ್ರೌಪತಿ ಗದರಿದಳು. ಆಮೇಲೆ ಒಲೆಯ ಮುಂದೆ ಕುಳಿತು ಅತ್ತಳು. ಹೊಗೆಯ ನೆಪ ಇದ್ದೇ ಇತ್ತು.

ಮರುದಿನ ಅವಳು ಕೊಯ್ತಾವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಬಸವಕಲ್ಯಾಣದಲ್ಲಿ ಕಮ್ಮಾರರಿಗೇನು ಬರವಿಲ್ಲ. ಆದರೆ ಮುಕಾದಮ ರತ್ನದೀಪ ಟೋಳಿಯ ಕತ್ತಿಗಳಿಗೆಲ್ಲ ಸಾಣೆ ಹಿಡಿಸುವುದು ಅಲ್ಲಿಯೇ. ಒಂದು ಮಾತು ಬಾಯಿಂದ ಜಾರಿದರೆ ಸಂಜೆಯೊಳಗೆ ಅವನ ಕಿವಿಗೆ ಬೀಳುತ್ತದೆ. ಸೆರಗು ಮುಂದೆಳೆದುಕೊಂಡು ಬಸವಕಲ್ಯಾಣ ದಾಟಿ ಹುಮನಾಬಾದಿಗೆ ಹೋದಳು.

ಅಲ್ಲಿ ಬೀಬಿಜಾನಳ ಅಂಗಡಿ. ಗಂಡ ಇದ್ದಾಗ ಅವನು ಕಬ್ಬಿಣ ಬಡಿಯುತ್ತಿದ್ದ, ಇವಳು ಹಿಡಿ ಕೂರಿಸಿ ಸಾಣೆ ಹಿಡಿಯುತ್ತಿದ್ದಳು. ಈಗ ಬಡಿಯುವವರಿಲ್ಲ, ಭಟ್ಟಿ ಆರಿದೆ. ಹಿಡಿಯೂ ಸಾಣೆಯೂ ಉಳಿದಿವೆ.

ದ್ರೌಪತಿ ಗಂಟು ಬಿಚ್ಚಿ ಕೊಯ್ತಾವನ್ನು ನೆಲದ ಮೇಲಿಟ್ಟಳು. ಹರಿತದ ವಸ್ತುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

"ಖಾಲಾ, ಹಿಡಿ ಜಾರಾಕತ್ತದ. ಚೂರು ದಪ್ಪಂದು ಹಾಕಿಕೊಡ್ರಿ."

"ಯಾರ ಕೈಗೆ, ಬೇಟಿ?"

"ನಮ್ಮ ಮನಿಯವರ ಕೈಗ್ರಿ."

"ಉಣ್ಣೋ ಕೈಲೇ ಕಡೀತಾರಲ್ಲ?"

"ಹೌದ್ರಿ, ಮತ್ಯಾವ ಕೈಲೆ ಕಡೀತಾರ?"

ವೈದ್ಯನಿಗೆ ಸುಳ್ಳು ಹೇಳಬಾರದು, ವಕೀಲನಿಗೆ ಹೇಳಬಾರದು ಎನ್ನುತ್ತಾರೆ. ಸಾಣೆ ಹಿಡಿಯುವವರಿಗೂ ಹೇಳಬಾರದೆಂದು ದ್ರೌಪತಿಗೆ ಯಾರೂ ಹೇಳಿರಲಿಲ್ಲ. ಬೀಬಿಜಾನ ಅವಳ ಮುಖವನ್ನೊಮ್ಮೆ, ಕೈಗಳನ್ನೊಮ್ಮೆ ನೋಡಿದಳು. "ಚಹಾ ಕುಡದು ಬಾ. ನಾಲ್ಕಕ್ಕ ಆಗ್ತದ" ಎಂದಳು.

ನಾಲ್ಕಕ್ಕೆ ಬಂದಾಗ ಕೊಯ್ತಾ ಸಿದ್ಧವಾಗಿತ್ತು. ಜಾಲಿ ಕಟ್ಟಿಗೆಯ ಹೊಸ ಹಿಡಿ, ನಡುವೆ ಉಬ್ಬು, ತುದಿಯಲ್ಲಿ ಕಿರುಬೆರಳು ಸಿಕ್ಕಿಕೊಳ್ಳುವಂತೆ ಗುಬುಟು, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ಬೀಬಿಜಾನ ಅದನ್ನು ನೆಲದ ಮೇಲಿಟ್ಟಳು.

ದ್ರೌಪತಿ ಆಡಿದ ಮಾತು ಉಳಿಸಿಕೊಳ್ಳಬೇಕೆಂದು ಬಲಗೈ ಚಾಚಿದಳು. ಹಿಡಿ ಅಂಗೈಗೆ ಕೂರಲಿಲ್ಲ. ಉಬ್ಬು ಬೇಡವಾದ ಕಡೆ ಒತ್ತುತ್ತಿತ್ತು, ತಗ್ಗು ಮತ್ತೆಲ್ಲೋ ಇತ್ತು. ಮಾವನ ಕಾಲದ ಕತ್ತಿ, ಲಾರಿಯ ಕಮಾನುಪಟ್ಟಿ ಬಡಿದು ಮಾಡಿದ್ದು. ಮುದುಕಿ ಕೆಡಿಸಿಬಿಟ್ಟಳಲ್ಲ! ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಮನೆಯವರ ಕೈಗೆಂದು ಹೇಳಿದ್ದಳಲ್ಲ.

"ಇಳಸು ಅದನ್ನ" ಎಂದಳು ಬೀಬಿಜಾನ. ಇಳಿಸಿದ ಮೇಲೆ ಮೆಲ್ಲಗೆ, "ಮುಂಜಾನಿ ಯಾವ ಕೈಲೆ ಇಟ್ಟಿಯೋ, ಅದೇ ಕೈಲೆ ಎತ್ತು."

ದ್ರೌಪತಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಎಡಗೈಲೆ ಗಂಟು ಬಿಚ್ಚಿದಿ, ಎಡಗೈಲೆ ಇಟ್ಟಿ. ಎಡ ಅಂಗೈಯಾಗ ಬೊಬ್ಬಿ ಎದ್ದಾವ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ?"

ಅವಳು ಎಡಗೈಯಿಂದ ಎತ್ತಿದಳು. ಹಿಡಿ ತಾನಾಗಿಯೇ ಮುಷ್ಟಿಯೊಳಗೆ ಬಂದು ಕುಳಿತಿತು. ಬೀಬಿಜಾನ ಹಣ್ಣಿನ ಗಾಡಿಯವನಿಂದ ತರಿಸಿಟ್ಟಿದ್ದ ಕಬ್ಬಿನ ಜಲ್ಲೆಯನ್ನು ಮುಂದೆ ನಿಲ್ಲಿಸಿದಳು. ದ್ರೌಪತಿ ಬೀಸಿದಳು. ಚಕ್! ಜಲ್ಲೆ ಎರಡಾಯಿತು, ಕತ್ತಿ ಕೂದಲೆಳೆಯಷ್ಟೂ ಜಾರಲಿಲ್ಲ. ಇನ್ನೊಮ್ಮೆ ಬೀಸಿದಳು. ಮತ್ತೂ ಒಮ್ಮೆ.

"ಕೊಯ್ತಾಕ್ಕ ಒಂದೇ ಮಗ್ಗಲ ಧಾರ ಇರ್ತದ ಬೇಟಿ. ಬಲಗೈಯವರ ಧಾರ ಎಡಗೈಯಾಗ ಹಿಡದ್ರ ಹೊರಗ ಜಾರ್ತದ. ಆ ಮಗ್ಗಲ ತಗದು ಈ ಮಗ್ಗಲ ಕೊಟ್ಟೀನಿ. ತಪ್ಪು ನಿನ್ನ ಕೈದು ಅಲ್ಲ, ಧಾರದ್ದು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರು ನಗುತ್ತದೆ. ನೆಲ ನಿಜವಾಗಿಯೂ ಡೊಂಕಿದ್ದರೆ ಪಾಪ ಅವಳೇನು ಮಾಡಬೇಕು? ಎರಡು ತಿಂಗಳು ಬೈಸಿಕೊಂಡ ಎಡಗೈಯನ್ನು ದ್ರೌಪತಿ ನೋಡಿದಳು, ನೋಡುತ್ತಲೇ ಅತ್ತುಬಿಟ್ಟಳು. ಈ ಸಲ ಹೊಗೆಯ ನೆಪ ಬೇಕಾಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದು ಹೊಟ್ಟೆ ಹಸಿಯಿತು. ಕಡಿದ ಕಬ್ಬನ್ನೇ ಇಬ್ಬರೂ ತಿಂದರು.

ಸೋಮವಾರ ಮುಂಜಾನೆ ಹುಡಗಿಯ ಹೊಲದಲ್ಲಿ ರತ್ನದೀಪ ನೇರ ಅವಳ ಬಳಿಗೇ ಬಂದ.

"ಜೈಭೀಮ್ ಕಾಕಿ. ಕೈ ಹ್ಯಾಂಗದ? ಖರೇ ಹೇಳು, ಹನ್ನೆರಡರಾಗ ನಿಮ್ಮದು ಬರೀಲೋ ಬ್ಯಾಡೋ?"

ಉತ್ತರಕ್ಕೆ ಕಾಯದೆ ಬದುವಿನ ಮೇಲಿದ್ದ ಅವಳ ಕೊಯ್ತಾ ಎತ್ತಿಕೊಂಡು ಒಂದು ಕಬ್ಬಿಗೆ ಬೀಸಿದ. ಕತ್ತಿ ಸರ್ರನೆ ಜಾರಿ ಮಣ್ಣಿಗೆ ಹೋಯಿತು. "ಏನಿದು, ಕಡಿಯಂಗೇ ಇಲ್ಲಲ್ಲ!"

"ನಿನಗ ಕಡಿಯಂಗಿಲ್ಲಪಾ. ಕೆಳಗಿಡು" ಎಂದಳು ದ್ರೌಪತಿ.

ಅವನು ಇಟ್ಟ. ಅವಳು ಎಡಗೈಯಿಂದ ಎತ್ತಿ, ಬಗ್ಗಿ, ಬುಡಕ್ಕೆ ಒಂದೇ ಏಟು ಹಾಕಿದಳು. ಒಂದು, ಎರಡು, ಐದು, ಹತ್ತು ಕಬ್ಬು ಮಗ್ಗುಲಿಗೆ ಮಲಗಿದವು. ರತ್ನದೀಪ ಬಾಯಿ ತೆರೆದು ನಿಂತವನು ಕಡೆಗೆ ನಕ್ಕು, ಹೊಲದ ಆ ತುದಿಗೆ ಕೇಳುವಂತೆ ಕೂಗಿದ: "ಹನ್ನೆರಡೂ ಪೂರಾ ಅದಾವ, ಸುರು ಮಾಡ್ರಿ!"

ಇಪ್ಪತ್ತು ವರ್ಷ ಅವಳ ಎಡಕ್ಕೆ ನಿಂತು ಕಡಿದ ಮಚ್ಚೇಂದ್ರ, ಈಗ ಅವಳ ಎಡಗೈ ಬೀಸಲು ಜಾಗ ಬಿಟ್ಟು, ಹಿಂದಿನಿಂದ ಸುತ್ತಿ ಬಂದು ಬಲಕ್ಕೆ ನಿಂತ, ಪಂಚೆ ಎತ್ತಿ ಕಟ್ಟಿದ, ಕಡಿಯಲು ಬಗ್ಗಿದ.