ಹೊಡೆದುಹಾಕಿದ ಉತ್ತರ

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಎದ್ದೆದ್ದು ಬೀಳುತ್ತಿದೆ, ಎಡಗೈಯಿಂದ ಅದುಮಿ ಹಿಡಿದು ಓದುತ್ತಾಳೆ — ಹೈಡ್ರೋಜನ್ ಉತ್ಕರ್ಷಣಗೊಳ್ಳುವುದರಿಂದ ಅದೇ ಉತ್ಕರ್ಷಣಕಾರಿ — ಅರೆ, ಇದನ್ನು ಈಗತಾನೇ ಓದಿದೆನಲ್ಲ, ಹಿಂದಿನದೇ ಮತ್ತೆ ಕೈಗೆ ಬಂತೇನೋ ಎಂದು ತಿರುವಿದರೆ ಅಲ್ಲ, ಬೇರೆ ನಂಬರು, ಬೇರೆ ಕೈಬರಹ, ವಾಕ್ಯ ಮಾತ್ರ ಅದೇ, ಈ ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಬೆಳಗಿನಿಂದ ತಿದ್ದಿದ ಒಂಬತ್ತು ಉತ್ತರಪತ್ರಿಕೆಗಳಲ್ಲೂ ಅದೇ. ಕಾಪಿ ಹೊಡೆದಿದ್ದಾರೆ ಅನ್ನೋಣವೆಂದರೆ ಉಳಿದ ಉತ್ತರಗಳೆಲ್ಲ ತಲೆಗೊಂದು ಥರ. ಕಾಪಿಯಲ್ಲ ಇದು, ಪಾಠ. ಯಾರೋ ಬೋರ್ಡಿನ ಮುಂದೆ ನಿಂತು ಬರ್ಕೊಳ್ರೋ ಅಂದಿದ್ದಾರೆ, ಈ ಕಟ್ಟಿನ ಮಕ್ಕಳಷ್ಟೂ ಬರೆದುಕೊಂಡು, ಉರು ಹೊಡೆದು, ಪರೀಕ್ಷೆಯಲ್ಲಿ ಚಾಚೂ ತಪ್ಪದೆ ಒಪ್ಪಿಸಿದ್ದಾರೆ. ಎರಡು ಅಂಕದ ಪ್ರಶ್ನೆ — ಕಾಯಿಸಿದ ತಾಮ್ರದ ಆಕ್ಸೈಡಿನ ಮೇಲೆ ಹೈಡ್ರೋಜನ್ ಹಾಯಿಸಿದಾಗ ಉತ್ಕರ್ಷಣಕಾರಿ ಯಾವುದು, ಕಾರಣ ಕೊಡಿ. ತಾಮ್ರದ ಆಕ್ಸೈಡು, ಮಕ್ಕಳೇ, ತಾಮ್ರದ ಆಕ್ಸೈಡು, ತನ್ನಲ್ಲಿದ್ದ ಆಕ್ಸಿಜನ್ನು ಹೈಡ್ರೋಜನ್ನಿಗೆ ಕೊಟ್ಟು ತಾನು ಬರೀ ತಾಮ್ರವಾಗಿ ಉಳಿಯುತ್ತದೆ, ಕೊಟ್ಟಿದ್ದು ಅದು, ಕಳೆದುಕೊಂಡಿದ್ದೂ ಅದೇ, ಇನ್ನೊಬ್ಬರನ್ನು ಉತ್ಕರ್ಷಣ ಮಾಡಿಸಿ ತಾನು ಅಪಕರ್ಷಣವಾಗುತ್ತದೆ — ಹತ್ತೊಂಬತ್ತು ವರ್ಷದಿಂದ ಅವಳು ಹೀಗೇ ಹೇಳಿಕೊಡುತ್ತಿದ್ದಾಳೆ, ಬಡಿಸಿದವರ ಪಾತ್ರೆ ಖಾಲಿ, ಉಂಡವರ ಹೊಟ್ಟೆ ಭರ್ತಿ, ಬಡಿಸಿದವರೇ ಕಣ್ರೋ ಉತ್ಕರ್ಷಣಕಾರಿ, ಎಂಥ ದಡ್ಡನಿಗೂ ಹತ್ತುತ್ತದೆ, ಹತ್ತೊಂಬತ್ತು ವರ್ಷದಿಂದ. ಅದಕ್ಕೂ ಹಿಂದಿನ, ಮೊಟ್ಟಮೊದಲ ವರ್ಷದ ಲೆಕ್ಕ ಮಾತ್ರ ಬೇರೆ. ಸೊನ್ನೆ. ಮುಂದಿನದು. ಸೊನ್ನೆ. ಕೆಂಪು ಮಸಿ ಬೆರಳಿಗೆಲ್ಲ ಮೆತ್ತಿದೆ, ಈ ಹಾಳು ಪೆನ್ನು ಬೇರೆ ಸೋರುತ್ತದೆ.

ಆ ವರ್ಷ ಅವಳು ಕೆಲಸಕ್ಕೆ ಹೊಸಬಳು, ಓದಿದ್ದು ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಮೇಷ್ಟ್ರು ಮಧ್ಯದಲ್ಲೇ ಬಿಟ್ಟುಹೋಗಿದ್ದಕ್ಕೆ ನೀವೇ ಸ್ವಲ್ಪ ತೂಗಿಸ್ಕೊಂಡು ಹೋಗಿ ಅಂತ ಹೆಡ್‌ಮಾಸ್ಟರು ಸೀಮೆಸುಣ್ಣ ಕೈಗಿಟ್ಟಿದ್ದರು, ಹಿಂದಿನ ದಿನ ಪುಸ್ತಕ ತೆರೆಯಲು ಪುರುಸೊತ್ತಾಗಿರಲಿಲ್ಲ — ಇಲ್ಲ, ಪುರುಸೊತ್ತಿತ್ತು, ಅಕ್ಕ ಬಂದಿದ್ದಳು, ಹರಟೆಯಲ್ಲಿ ಸಂಜೆ ಕಳೆದಿತ್ತು, ನಿಜವನ್ನಾದರೂ ನೆಟ್ಟಗೆ ನೆನಪಿಸಿಕೊಳ್ಳಬೇಕು. ಹೆಸರೇ ಹೇಳುತ್ತಲ್ಲ, ಉತ್ಕರ್ಷಣ ಆಗುವುದೇ ಉತ್ಕರ್ಷಣಕಾರಿ ಎಂದು ಬೋರ್ಡಿನ ಮೇಲೆ ದಪ್ಪಕ್ಕೆ ಬರೆದಿದ್ದಳು. ಎರಡನೆಯ ಬೆಂಚಿನಲ್ಲಿ ಯಾಕಮ್ಮ ಎದ್ದು ನಿಂತಳು. ವೆಲ್ಡಿಂಗ್ ಅಂಗಡಿಯವನ ಮಗಳು, ಎಲ್ಲದಕ್ಕೂ ಯಾಕೆ ಯಾಕೆ ಅನ್ನುತ್ತಿದ್ದಳೆಂದು ಸ್ಟಾಫ್ ರೂಮಿನವರು ಇಟ್ಟ ಹೆಸರು, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ ಚಿನ್ನಕ್ಕೆ ಯಾಕಿಲ್ಲ, ತುಕ್ಕು ಕೆರೆದರೆ ಒಳಗಿನ ಕಬ್ಬಿಣ ಕಮ್ಮಿಯಾಗಿರುತ್ತಾ, ನಮ್ಮಪ್ಪ ಬೆಸುಗೆ ಹಾಕೋವಾಗ ಕಿಡಿ ಹಾರುತ್ತಲ್ಲ ಅದೂ ಉತ್ಕರ್ಷಣನಾ ಮಿಸ್. ಅವತ್ತೂ ಮೆಲ್ಲಗೆ, ತಪ್ಪು ತನ್ನದೇ ಎಂಬಂತೆ ಕೇಳಿದ್ದಳು — ಮಿಸ್, ತಾಮ್ರದ ಆಕ್ಸೈಡು ಆಕ್ಸಿಜನ್ನು ಕೊಟ್ಬಿಡುತ್ತಲ್ವಾ, ಹೈಡ್ರೋಜನ್ನು ತಗೊಳ್ಳುತ್ತೆ, ಹಾಗಾದ್ರೆ ಮಾಡಿಸಿದ್ದು ತಾಮ್ರದ ಆಕ್ಸೈಡಲ್ವಾ, ಹೈಡ್ರೋಜನ್ನು ಬರೀ ಮಾಡಿಸ್ಕೊಂಡಿದ್ದಲ್ವಾ? ಆ ಕ್ಷಣವೇ ಗೊತ್ತಾಯಿತು, ಮಾತು ಮುಗಿಯುವ ಮೊದಲೇ — ಹುಡುಗಿ ಹೇಳಿದ್ದು ಸರಿ. ಹೌದಮ್ಮ, ತಪ್ಪಾಯ್ತು, ಅಳಿಸಿ ಬರೆಯೋಣ, ಅಷ್ಟೇ ಅಲ್ಲವೇ ಹೇಳಬೇಕಾಗಿದ್ದು, ಡಸ್ಟರು ಕೈಯಲ್ಲೇ ಇತ್ತು. ನಾಲಗೆಗೆ ಬಂದದ್ದು ಬೇರೆ. ಇಲ್ಲಿ ಟೀಚರು ನೀನೋ ನಾನೋ? ತರಗತಿ ಗೊಳ್ಳೆಂದು ನಕ್ಕಿತು, ಆ ನಗು ಎಷ್ಟು ಹಿತವಾಗಿತ್ತು, ಅದಕ್ಕೇ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು, ಬೋರ್ಡಿನ ಮೇಲಿರೋದನ್ನ ಐವತ್ತು ಸಲ ಬರ್ಕೊಂಡ್ ಬಾ, ಆಗ ತಲೆಗೆ ಹತ್ತುತ್ತೆ. ಯಾಕಮ್ಮ ಬರೆದುಕೊಂಡು ಬಂದಳು, ಐವತ್ತಲ್ಲ, ಐವತ್ತೆರಡು, ಎಣಿಕೆ ತಪ್ಪಿದ್ರೆ ಅಂತ ಎರಡು ಜಾಸ್ತಿ ಬರೆದೆ ಮಿಸ್. ಅಷ್ಟಕ್ಕೂ ಸಹಿ ಹಾಕಿದ್ದಳು ಇವಳು. ನಾಳೆ ಸರಿ ಮಾಡುತ್ತೇನೆ, ಸೋಮವಾರ ಸರಿ ಮಾಡುತ್ತೇನೆ, ರಿವಿಷನ್ನಿನಲ್ಲಿ ಹೇಗೂ ಹೇಳುತ್ತೇನೆ, ಪಾಠ ಮುಂದಕ್ಕೆ ಓಡಿತು, ಪರೀಕ್ಷೆ ಬಂತು, ಪ್ರಶ್ನೆಯೂ ಬಂತು, ಗೇಟಿನ ಹತ್ತಿರ ಯಾಕಮ್ಮ ಓಡಿಬಂದು ಒಂದಿಷ್ಟೂ ಕೊಂಕಿಲ್ಲದೆ ಹಿಗ್ಗಿನಿಂದ ಹೇಳಿದಳು — ನೀವು ಹೇಳಿದ ಹಾಗೇ ಬರೆದೆ ಮಿಸ್.

ಎರಡು ಅಂಕಕ್ಕೆ ಯಾರ ಬಾಳೂ ಮುಳುಗುವುದಿಲ್ಲ, ಒಳ್ಳೆಯ ಅಂಕವೇ ಬಂದಿತ್ತು ಹುಡುಗಿಗೆ. ಮುಳುಗಿದ್ದು ಬೇರೆ. ಆ ಐವತ್ತೆರಡರ ನಂತರ ಎರಡನೆಯ ಬೆಂಚಿನಿಂದ ಒಂದೇ ಒಂದು ಯಾಕೆ ಬರಲಿಲ್ಲ, ಪರವಾಗಿಲ್ಲ ಹದಕ್ಕೆ ತಂದ್ರಿ ಎಂದು ಸ್ಟಾಫ್ ರೂಮು ಮೆಚ್ಚಿಕೊಂಡಿತು. ವರ್ಷದ ಕೊನೆಗೆ ಸರ್ಟಿಫಿಕೇಟಿಗೆ ಬಂದಾಗ ಮುಂದೆ ವಿಜ್ಞಾನ ತಾನೇ ಎಂದು ಕೇಳಿದ್ದಕ್ಕೆ ನೆಲ ನೋಡಿಕೊಂಡು, ಇಲ್ಲ ಮಿಸ್, ಅದು ನನ್ನ ತಲೆಗೆ ಹತ್ತಲ್ಲ. ತಲೆಗೆ ಹತ್ತಲ್ಲ — ಅವಳಿಗೆ ಆ ಮಾತು ಕಲಿಸಿದವರು ಯಾರು? ಆಗಲಾದರೂ ಬಾಯಿ ಬಿಡಬಹುದಿತ್ತು, ಬಾಗಿಲಲ್ಲಿ ಯಾರೂ ಇರಲಿಲ್ಲ, ಮಾನ ಹೋಗುವ ಭಯವೂ ಇರಲಿಲ್ಲ. ಹೌದಮ್ಮ, ಬೇರೇನಾದ್ರೂ ತಗೋ, ನಿನಗೆ ಅದೇ ಒಳ್ಳೇದು ಅಂದಳು. ಅಂದುಬಿಟ್ಟಳು.

ಹದಿನೇಳನೆಯ ಪತ್ರಿಕೆ. ಸಣ್ಣ ಅಕ್ಷರ, ಒತ್ತಿ ಬರೆದದ್ದು. ತಾಮ್ರದ ಆಕ್ಸೈಡು ಉತ್ಕರ್ಷಣಕಾರಿ, ಯಾಕೆಂದರೆ ಅದು ಹೈಡ್ರೋಜನ್‌ಗೆ ಆಕ್ಸಿಜನ್ ಕೊಟ್ಟು ತಾನು ಅಪಕರ್ಷಣಗೊಳ್ಳುತ್ತದೆ — ಸರಿ, ಅಬ್ಬ, ಸರಿ, ಇಡೀ ಕಟ್ಟಿಗೊಬ್ಬಳು, ಅಥವಾ ಒಬ್ಬನು — ಆದರೆ ಅದರ ಮೇಲೆ ಉದ್ದಕ್ಕೂ ಒಂದು ಗೆರೆ, ಸ್ಕೇಲಿಟ್ಟು ಎಳೆದದ್ದು, ಅಡಿಯ ಒಂದಕ್ಷರವೂ ಮಾಸಿಲ್ಲ. ಕೆಳಗೆ ಹೊಸದಾಗಿ, ಹೈಡ್ರೋಜನ್ ಉತ್ಕರ್ಷಣಗೊಳ್ಳುವುದರಿಂದ ಅದೇ. ಗೊತ್ತಿತ್ತು ಮಗುವಿಗೆ, ಗೊತ್ತಿದ್ದೂ ಟೀಚರ ಮಾತು ನೆನಪಾಗಿ ತನ್ನದನ್ನು ತಾನೇ ಹೊಡೆದುಹಾಕಿತು. ಯಾಕಮ್ಮನ ಪತ್ರಿಕೆಯಲ್ಲೂ ಇಂಥದೊಂದು ಗೆರೆ ಇತ್ತೇ? ಯಾರು ತಿದ್ದಿದರೋ, ಓದಿದರೋ ಇಲ್ಲವೋ. ಕೈ ತಾನಾಗಿ ಅಂಚಿನಲ್ಲಿ ಎರಡು ಎಂದು ಬರೆಯಿತು, ಬರೆದು ಬೇಗ ಹಾಳೆ ಮಗುಚಿತು, ಕದ್ದವರ ಹಾಗೆ.

ಊಟದ ಬಿಡುವಿನ ನಂತರ ಮುಖ್ಯ ಮೌಲ್ಯಮಾಪಕರು ಅದೇ ಪತ್ರಿಕೆ ಹಿಡಿದುಕೊಂಡು ಮೇಜಿನ ಪಕ್ಕ ನಿಂತಿದ್ದಾರೆ, ಕನ್ನಡಕ ಹಣೆಗೇರಿಸಿದ ಸಾಧು ಮನುಷ್ಯ. ಏನ್ ಮೇಡಂ, ಇದಕ್ಕೆ ಎರಡು ಕೊಟ್ಟಿದೀರಿ? ಸರಿ ಉತ್ತರ ಇದೆ ಸಾರ್, ನೋಡಿ. ಹೊಡೆದು ಹಾಕಿದೆಯಲ್ಲ, ಕೆಳಗೆ ಬೇರೆ ಬರೆದಿದ್ರೆ ಮೇಲಿಂದು ನಾವು ಓದೋ ಹಾಗಿಲ್ಲ, ನಿಮಗೆ ಗೊತ್ತಿಲ್ದೇ ಇರೋದಾ. ಟೀಚರು ತಪ್ಪು ಹೇಳ್ಕೊಟ್ಟಿದಾರೆ ಸಾರ್, ಇಡೀ ಕಟ್ಟು ನೋಡಿ, ಮಗುಗೆ ಗೊತ್ತಿದೆ. ಯಾರೋ ಹೊಸಬರಿರ್ಬೇಕು ಪಾಪ, ಬಿಡಿ, ಅವರೂ ಕಲೀತಾರೆ. ಕಲಿಯುತ್ತಾರೆ, ಹೌದು, ಬಡಿಸುವ ಪಾತ್ರೆಯ ಉದಾಹರಣೆ ಕಂಡುಹಿಡಿದುಕೊಳ್ಳುತ್ತಾರೆ, ಒಳ್ಳೆಯ ಟೀಚರೆಂದು ಹೆಸರು ಪಡೆಯುತ್ತಾರೆ — ಸಾರ್, ಹೊಸಬರೇ, ನಾನೂ ಒಂದು ಸಲ, ಎಂದು ಬಾಯಿ ತೆರೆದಳು. ಏನಂದ್ರಿ? ಸುತ್ತ ಇಪ್ಪತ್ತು ತಲೆಗಳು, ಯಾರೂ ನಗುತ್ತಿಲ್ಲ, ಯಾರೂ ಇತ್ತ ನೋಡುತ್ತಲೂ ಇಲ್ಲ. ಏನಿಲ್ಲ ಸಾರ್. ನಾನು ತಿದ್ದೋ ಹಾಗಿಲ್ಲ, ನೀವೇ ಹೊಡೆದು, ಪಕ್ಕದಲ್ಲಿ ಬರೆದು, ಒಂದು ಸಹಿ ಹಾಕ್ಬಿಡಿ ಮೇಡಂ.

ಪೆನ್ನು ತೆರೆಯುತ್ತಾಳೆ. ಸ್ಕೇಲು ಬೇಕಿಲ್ಲ, ಇಷ್ಟು ವರ್ಷದ ಕೈ, ನೇರವಾಗಿಯೇ ಹೋಗುತ್ತದೆ. ಎರಡರ ಮೇಲೊಂದು ಗೆರೆ, ಪಕ್ಕದಲ್ಲಿ ಸೊನ್ನೆ, ಕೆಳಗೆ ಅವಳ ಸಹಿ, ಮುಂದಿನದು ತೆಗೆಯಬೇಕು, ಕೈ ಏಳುತ್ತಿಲ್ಲ — ಗೆರೆಯ ಅಡಿಯಲ್ಲಿ ಎರಡು ಸ್ಪಷ್ಟವಾಗಿ ಕಾಣುತ್ತಿದೆ, ಕೆಂಪಗೆ, ಇನ್ನೂ ಆರಿಲ್ಲ, ಕಾಣುತ್ತಲೇ ಇದೆ